ಗ್ಯಾರೇಜಿಲ್ಲದ ಊರಿನ ಆರ್ಗನ್ನು

ನಮ್ಮ ವಿದ್ಯಾರಣ್ಯಪುರದಲ್ಲಿ ರಾಜ್ಯೋತ್ಸವ ನವೆಂಬರ್ 1ಕ್ಕೆ ಮುಗಿಯುವ ಹಬ್ಬವಲ್ಲ. ತಿಂಗಳಿಡೀ ಒಂದಲ್ಲ ಒಂದು ಕ್ರಾಸಿನಲ್ಲಿ ಶಾಮಿಯಾನ ಏಳುತ್ತದೆ, ಕಂಬದಿಂದ ಕಂಬಕ್ಕೆ ಸೀರಿಯಲ್ ಸೆಟ್ ಹಾಯುತ್ತದೆ, ಸಂಜೆ ಆರಕ್ಕೆ ಭಾಷಣ, ಏಳೂವರೆಗೆ ಆರ್ಕೆಸ್ಟ್ರಾ. ಕಳೆದ ನವೆಂಬರಿನ ಒಂದು ಶನಿವಾರ ಬಿಇಎಲ್ ಲೇಔಟ್ ಕಡೆಯಿಂದ ನಡೆದು ಬರುತ್ತಿದ್ದವನು ಅಂಥದ್ದೊಂದು ಶಾಮಿಯಾನದ ಹಿಂದೆ ನಿಂತೆ. ವೇದಿಕೆಯ ಮೇಲೆ ಐದೇ ಜನ. ಕೀಬೋರ್ಡು, ರಿದಂ ಪ್ಯಾಡು, ಒಂದು ಗಿಟಾರು, ತಬಲ, ಒಬ್ಬ ಗಾಯಕ. ಗಣಪತಿ ಸ್ತುತಿಯಾಗಿ, ರಾಜ್‌ಕುಮಾರ್ ಹಾಡು ನಾಲ್ಕೈದಾಗಿ, ಒಂಬತ್ತರ ಹೊತ್ತಿಗೆ ಗಾಯಕ ಕೀಬೋರ್ಡಿನವರ ಕಡೆ ತಿರುಗಿ ಸುಮ್ಮನೆ ತಲೆಯಾಡಿಸಿದ. ಐವತ್ತು ದಾಟಿದ, ಮಂಕಿ ಕ್ಯಾಪ್ ಹಾಕಿಕೊಂಡಿದ್ದ ಆ ಮನುಷ್ಯ ಒಂದು ಗುಂಡಿ ಒತ್ತಿ ಟೋನ್ ಬದಲಾಯಿಸಿ ಎರಡೂ ಕೈಗಳನ್ನು ಕೀಗಳ ಮೇಲಿಟ್ಟರು. 'ಸಂತೋಷಕ್ಕೆ' ಶುರುವಾಯಿತು. ಗಾಯಕ ಬಾಯಿ ತೆರೆಯುವ ಮುಂಚೆಯೇ ಹುಡುಗರು ಪ್ಲಾಸ್ಟಿಕ್ ಕುರ್ಚಿಗಳನ್ನು ಪಕ್ಕಕ್ಕೆಳೆದು ಜಾಗ ಮಾಡಿಕೊಂಡಿದ್ದರು.

ನೂರಾರು ಸಲ ಕೇಳಿದ ಹಾಡು ಅದು. ಆದರೆ ಆವತ್ತು ಕೇಳಿಸಿದ್ದು ನನಗೆ ಗೊತ್ತಿದ್ದ ಹಾಡಾಗಿರಲಿಲ್ಲ. ತಂತಿವಾದ್ಯದ ಸಮೂಹ ಇಲ್ಲ, ಊದುವ ವಾದ್ಯ ಇಲ್ಲ, ಬೇಸ್ ಗಿಟಾರೂ ಇಲ್ಲ. ಅಷ್ಟೂ ಕೆಲಸವನ್ನು ಒಂದು ಕೀಬೋರ್ಡಿನ ಒಂದೇ ಟೋನು, ತೆಳ್ಳಗೆ ಚುಚ್ಚುವ ಹಳೆಯ ಆರ್ಗನ್ ಟೋನು, ಹೊತ್ತುಕೊಂಡಿತ್ತು. ಮನೆಗೆ ಬಂದು 1981ರ 'ಗೀತಾ' ಚಿತ್ರದ ಹಾಡುಗಳನ್ನು ಮತ್ತೆ ಮೊದಲಿನಿಂದ ಕೇಳಿದೆ. ಈ ವಾರ ಬರೆಯುತ್ತಿರುವುದು ಆ ಎರಡು ಕೇಳ್ಮೆಗಳ ನಡುವಿನ ದೂರದ ಬಗ್ಗೆ.

ನಮ್ಮಂಥ ಸಾಹಿತ್ಯದವರಿಗೆ ಹಾಡಿನ ವಿಷಯದಲ್ಲಿ ಒಂದು ಹಳೆಯ ಚಾಳಿಯಿದೆ. ಹಾಡು ಅಂದ ಕೂಡಲೇ ಸಾಲುಗಳನ್ನು ಹಾಳೆಯ ಮೇಲೆ ಇಳಿಸಿ ಕವಿತೆಯಂತೆ ಓದುತ್ತೇವೆ. ಬೇಂದ್ರೆಯವರದ್ದೋ ಕೆ.ಎಸ್. ನರಸಿಂಹಸ್ವಾಮಿಯವರದ್ದೋ ಆದರೆ ಅದು ನಡೆಯುತ್ತದೆ. ಭಾವಗೀತೆಯ ಪರಂಪರೆಯೇ ನಮಗೆ ಹಾಗೆ ಕೇಳಲು ಕಲಿಸಿದೆ. ಸಿನಿಮಾ ಹಾಡಾದರೆ ಸ್ವಲ್ಪ ರಿಯಾಯಿತಿ ಕೊಟ್ಟು, ಚಿ. ಉದಯಶಂಕರ್ ಎಷ್ಟು ಸರಳವಾಗಿ ಬರೆದಿದ್ದಾರೆ ನೋಡಿ ಎನ್ನುತ್ತೇವೆ. ನಂತರ ಗಾಯಕರ ಕಂಠ. ಅಲ್ಲಿಗೆ ವಿಮರ್ಶೆ ಮುಗಿಯಿತು. ವಾದ್ಯ ನುಡಿಸಿದವನು ನಮ್ಮ ಬರವಣಿಗೆಯೊಳಗೆ ಬಂದದ್ದೇ ಕಡಿಮೆ. ಈ ಅಳತೆಗೋಲಿನಲ್ಲಿ ಇಟ್ಟರೆ 'ಸಂತೋಷಕ್ಕೆ' ಏನೇನೂ ಅಲ್ಲ. ಕಾಗದದ ಮೇಲೆ ಅದು ಕಾಲೇಜು ವಾರ್ಷಿಕೋತ್ಸವದ ಆಮಂತ್ರಣಪತ್ರಿಕೆಯಷ್ಟೇ ತೂಕದ್ದು. ಹಾಗಿದ್ದೂ ನಾಲ್ಕು ದಶಕ ದಾಟಿ, ಅದು ಬಂದಾಗ ಹುಟ್ಟಿರದ ಹುಡುಗರು ಕುರ್ಚಿ ಸರಿಸುತ್ತಾರೆ. ಹಾಗಾದರೆ ಅದನ್ನು ಹಿಡಿದು ನಿಲ್ಲಿಸಿರುವುದು ಯಾವುದು?

ಉತ್ತರಕ್ಕೆ ಒಂದು ಸುತ್ತು ಹಾಕಿ ಬರಬೇಕು. ಅಮೆರಿಕದಲ್ಲಿ ಅರವತ್ತರ ದಶಕದ ಒಂದು ಬಗೆಯ ರಾಕ್ ಸಂಗೀತಕ್ಕೆ 'ಗ್ಯಾರೇಜ್ ರಾಕ್' ಎಂಬ ಹೆಸರು ಆಮೇಲೆ ಬಂತು. ಅಲ್ಲಿನ ಗ್ಯಾರೇಜು ನಮ್ಮದಲ್ಲ. ನಮಗೆ ಗ್ಯಾರೇಜು ಅಂದರೆ ಸ್ಕೂಟರು ಕೆಟ್ಟಾಗ ತಳ್ಳಿಕೊಂಡು ಹೋಗುವ ಜಾಗ. ಅವರಿಗೆ ಅದು ಮನೆಗೆ ಅಂಟಿಕೊಂಡ ಕಾರಿನ ಕೋಣೆ. ಅಪ್ಪ ಕಾರು ತೆಗೆದುಕೊಂಡು ಕೆಲಸಕ್ಕೆ ಹೋದ ಮೇಲೆ ಮಕ್ಕಳು ಅಲ್ಲಿ ಡ್ರಮ್ಮು ಹಾಕಿಕೊಂಡು ಕೂರುತ್ತಿದ್ದರು. ಸಂಗೀತ ಕಲಿತವರಲ್ಲ, ಹಣವಿದ್ದವರಲ್ಲ. 1966ರಲ್ಲಿ ಮಿಶಿಗನ್ನಿನ ಅಂಥದ್ದೊಂದು ತಂಡ, ಮೆಕ್ಸಿಕೋದಿಂದ ಹೊಲದ ಕೂಲಿಗೆ ಬಂದ ಕುಟುಂಬಗಳ ಹುಡುಗರು, 'ಕ್ವೆಶ್ಚನ್ ಮಾರ್ಕ್ ಅಂಡ್ ದಿ ಮಿಸ್ಟೀರಿಯನ್ಸ್' ಎಂಬ ವಿಚಿತ್ರ ಹೆಸರಿಟ್ಟುಕೊಂಡು '96 ಟಿಯರ್ಸ್' ಎಂಬ ಹಾಡು ಮಾಡಿದರು. ಅದು ದೇಶದ ಮೊದಲ ಸ್ಥಾನಕ್ಕೇರಿತು. ಅದೇ ಹೆಸರಿನ ಆಲ್ಬಮ್ಮೂ ಆ ವರ್ಷವೇ ಬಂತು. ಅದನ್ನು ನಡೆಸುವುದು ಗಿಟಾರಲ್ಲ, ಆರ್ಗನ್. ಇನ್ನೂ ಹದಿಹರೆಯದ ಹುಡುಗನೊಬ್ಬ ನುಡಿಸಿದ, ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುವ ನಾಲ್ಕಾರು ಸ್ವರಗಳ ತುಣುಕು. ಕಪ್ಪು ಜನರ ರಿದಂ ಅಂಡ್ ಬ್ಲೂಸ್ ಅದರಲ್ಲಿದೆ, ಗಡಿನಾಡಿನ ಮೆಕ್ಸಿಕನ್ ಕುಣಿತದ ಲಯವಿದೆ, ಬ್ರಿಟಿಷ್ ಬೀಟ್ ತಂಡಗಳ ಅನುಕರಣೆಯೂ ಇದೆ. ಯಾವುದನ್ನೂ ಬೇಕೆಂದು ಬೆರೆಸಿದಂತೆ ಕಾಣುವುದಿಲ್ಲ. ಬಂದದ್ದೆಲ್ಲ ಒಂದೇ ಕೋಣೆಯಲ್ಲಿ ಬಿದ್ದಿತ್ತು, ಅಷ್ಟೇ.

ಆ ಆರ್ಗನ್ನು ಚರ್ಚಿನ ದೊಡ್ಡ ಆರ್ಗನ್ ಅಲ್ಲ. ಅದು 'ಕಾಂಬೋ ಆರ್ಗನ್', ಇಬ್ಬರು ಎತ್ತಿ ವ್ಯಾನಿಗೆ ಹಾಕಬಹುದಾದ ಪೆಟ್ಟಿಗೆ. ಬ್ರಿಟನ್ನಿನ ವಾಕ್ಸ್ ಕಾಂಟಿನೆಂಟಲ್ 1962ರಲ್ಲಿ ಬಂತು. ಇಟಲಿಯ ಫಾರ್ಫಿಸಾ ಮೂಲತಃ ಅಕಾರ್ಡಿಯನ್ ಮಾಡುತ್ತಿದ್ದ ಕಂಪನಿ. ಅಂದರೆ ನಮ್ಮ ಹಾರ್ಮೋನಿಯಂನ ದಾಯಾದಿಗಳ ಮನೆಯಿಂದಲೇ ಈ ವಾದ್ಯವೂ ಎದ್ದು ಬಂದದ್ದು. ಒಳಗೆ ಗಾಳಿಯ ಬದಲು ಟ್ರಾನ್ಸಿಸ್ಟರು. ಅದೇ ಅರವತ್ತರ ದಶಕದಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲೂ ಟ್ರಾನ್ಸಿಸ್ಟರುಗಳು ತಯಾರಾಗುತ್ತಿದ್ದವು. ಅವು ಆರ್ಗನ್ನಿಗೆ ಹೋಗಲಿಲ್ಲ, ರೇಡಿಯೋಗೆ ಹೋದವು. ನಮ್ಮ ಕಡೆ ಆ ಸದ್ದು ಮನೆಯ ಕೋಣೆಯಲ್ಲಿ ಹುಟ್ಟಲಿಲ್ಲ, ರೇಡಿಯೋ ಮೂಲಕ ಬಂತು ಎನ್ನುವುದಕ್ಕೆ ಇದಕ್ಕಿಂತ ಸರಿಯಾದ ಚಿತ್ರ ನನಗೆ ಹೊಳೆಯುವುದಿಲ್ಲ.

ಆ ರೇಡಿಯೋಗೂ ಹಾರ್ಮೋನಿಯಂಗೂ ಒಂದು ಜಗಳದ ಇತಿಹಾಸವಿದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿ ಸುಮಾರು ಮೂರು ದಶಕ ಹೊರಗಿಟ್ಟಿತು. ಕೊಟ್ಟ ಮುಖ್ಯ ಕಾರಣ, ಈ ಪೆಟ್ಟಿಗೆಯ ಸ್ವರ ಬಾಗುವುದಿಲ್ಲ, ಗಮಕ ಅದಕ್ಕೆ ಒಲಿಯುವುದಿಲ್ಲ ಎಂದು. ಶಾಸ್ತ್ರದ ದೃಷ್ಟಿಯಿಂದ ಆ ಮಾತಿನಲ್ಲಿ ಹುರುಳಿದೆ. ಆದರೆ ಕನ್ನಡ ನಾಡಿನ ನಾಟಕ ಕಂಪನಿಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗುಬ್ಬಿ ಕಂಪನಿಯಿಂದ ಹಿಡಿದು ಉತ್ತರ ಕರ್ನಾಟಕದ ತಂಡಗಳವರೆಗೆ ರಂಗದ ಬದಿಯಲ್ಲಿ ಕಾಲು ಹಾರ್ಮೋನಿಯಂ ಇಟ್ಟುಕೊಂಡ ಮೇಷ್ಟ್ರೇ, ಧಾರವಾಡದ ಕಡೆಯವರ ಮಾತಿನಲ್ಲಿ ಪೇಟಿ ಮಾಸ್ತರರೇ, ಇಡೀ ನಾಟಕವನ್ನು ಎಳೆಯುತ್ತಿದ್ದರು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನಾಲ್ಕಾಣೆ ಟಿಕೇಟಿನವನಿಗೂ ಕೇಳುವ ವಾದ್ಯ ಬೇಕಿತ್ತು. ಬಾಗದ ಸ್ವರಕ್ಕೆ ಒಂದು ಅನುಕೂಲವಿದೆ: ಅದು ನೆಟ್ಟಗೆ ಹೋಗಿ ತಲುಪುತ್ತದೆ, ಮತ್ತು ಕಾಲಿಗೆ ಅದರ ಮೇಲೆ ಹೆಜ್ಜೆಯಿಡಲು ಬರುತ್ತದೆ. ಆಕಾಶವಾಣಿ ದೋಷವೆಂದು ಹೊರಗಿಟ್ಟದ್ದು ಮಿಶಿಗನ್ನಿನ ಹುಡುಗರಿಗೆ ಬಂಡವಾಳವಾಯಿತು. ನಮ್ಮ ಕಂಪನಿ ನಾಟಕದವರಿಗೆ ಅದು ಅದಕ್ಕೂ ಮೊದಲೇ ಗೊತ್ತಿತ್ತು.

ಇಷ್ಟು ಹಿನ್ನೆಲೆಯಿಟ್ಟುಕೊಂಡು 'ಗೀತಾ'ಕ್ಕೆ ಬರೋಣ. ಚಿತ್ರ ನಿರ್ದೇಶಿಸಿ ನಾಯಕನಾಗಿ ನಟಿಸಿದವರು ಶಂಕರ್‌ನಾಗ್. ಎದುರಿಗೆ ಅಕ್ಷತಾ ರಾವ್. ಸಾಹಿತ್ಯ ಉದಯಶಂಕರ್ ಅವರದ್ದು, ಸಂಗೀತ ಇಳಯರಾಜ ಅವರದ್ದು. ಇಳಯರಾಜ ಎಂದರೆ ನಮಗೆ ಈಗ ನೆನಪಾಗುವುದು ಬಿಳಿ ಬಟ್ಟೆಯ, ಸಿಂಫನಿಯ ಸ್ವರಪತ್ರ ಬರೆಯುವ ಮೇಷ್ಟ್ರು. ಆದರೆ 1976ರಲ್ಲಿ 'ಅನ್ನಕ್ಕಿಳಿ'ಯಿಂದ ಸಂಗೀತ ನಿರ್ದೇಶಕರಾಗುವ ಮುಂಚೆ ಅವರು ಮದರಾಸಿನಲ್ಲಿ ಕೂಲಿಗೆ ವಾದ್ಯ ನುಡಿಸುತ್ತಿದ್ದವರು. ನುಡಿಸುತ್ತಿದ್ದದ್ದು ಗಿಟಾರು ಮತ್ತು ಕಾಂಬೋ ಆರ್ಗನ್. ಯಾರ ಬಳಿ? ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ, ಅವರ ಸಹಾಯಕರೂ ಆಗಿ, ಬಹುಪಾಲು ಕನ್ನಡ ಚಿತ್ರಗಳಿಗೆ. 'ಜೇಡರ ಬಲೆ'ಯಂಥ ಪತ್ತೇದಾರಿ ಚಿತ್ರಕ್ಕೂ 'ಬಂಗಾರದ ಮನುಷ್ಯ'ದಂಥ ಹಳ್ಳಿಯ ಕತೆಗೂ ಒಂದೇ ಕೈಯಿಂದ ಸಂಗೀತ ಕೊಟ್ಟವರು ವೆಂಕಟೇಶ್. ಅವರ ಕೆಳಗೆ ಕೆಲಸ ಮಾಡಿದವನಿಗೆ ಶೈಲಿಗಳ ನಡುವೆ ಬೇಲಿಯಿರುವುದೇ ಗೊತ್ತಾಗಿರಲಿಕ್ಕಿಲ್ಲ. ಆರ್ಗನ್ ವಾದಕನಾಗಿ ಕನ್ನಡ ಹಾಡುಗಳೊಳಗೆ ಹೆಸರಿಲ್ಲದೆ ಕೂತಿದ್ದವರು, 'ಮಾತು ತಪ್ಪದ ಮಗ' (1978), 'ಜನ್ಮ ಜನ್ಮದ ಅನುಬಂಧ' (1980) ದಾಟಿ 'ಗೀತಾ'ಕ್ಕೆ ಬಂದಾಗ ಹೆಸರಿನೊಂದಿಗೆ ಬಂದರು.

1981 ಡಿಸ್ಕೋದ ವರ್ಷ. ಹಿಂದಿನ ವರ್ಷವಷ್ಟೇ 'ಕುರ್ಬಾನಿ' ಬಂದಿತ್ತು. ನಾಜಿಯಾ ಹಸನ್ ಅವರ 'ಡಿಸ್ಕೋ ದೀವಾನೆ' ಅದೇ ವರ್ಷದ್ದು. 'ಸಂತೋಷಕ್ಕೆ' ಕೂಡ ಆ ಗಾಳಿಯಲ್ಲೇ ಹುಟ್ಟಿದ ಹಾಡು. ಆದರೆ ಅದನ್ನು ಡಿಸ್ಕೋ ಎಂದು ಕರೆದು ಮುಗಿಸಲು ಮನಸ್ಸು ಬರುವುದಿಲ್ಲ. ಡಿಸ್ಕೋ ಹಾಡುವವನನ್ನು ಲಯದೊಳಗೆ ಜಾರಿಸಿಬಿಡುತ್ತದೆ. ಇಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಲಯದ ಮೇಲೆ ಹತ್ತಿ ನಿಂತು ಕೂಗುತ್ತಾರೆ. ಅಷ್ಟು ಮಿದುವಾದ ಗಂಟಲಿನವರು ಇದರಲ್ಲಿ ಒಂದಿಷ್ಟು ಒರಟಾಗಲು ಒಪ್ಪಿದ್ದಾರೆ. ಆ ಒರಟುತನವೇ ರಾಕ್.

ಉದಯಶಂಕರ್ ಅವರ ಪಾಲೂ ಅಲ್ಲೇ ಇದೆ, ಅರ್ಥದಲ್ಲಲ್ಲ. ಹಾಡಿನ ಹೆಸರಿನ ಪದವನ್ನೇ ಬಾಯಲ್ಲಿ ಆಡಿಸಿ ನೋಡಿ. 'ಸಂ' ಎಂದು ಮೂಗಿನಲ್ಲಿ ಗುನುಗಿ, 'ತೋ' ಎಂದು ಬಾಯಿ ಅಗಲಿಸಿ, ಕೊನೆಗೆ 'ಕ್ಕೆ' ಎಂಬ ಒತ್ತಿನಲ್ಲಿ ನಾಲಿಗೆ ಗಂಟಲಿಗೆ ಗುದ್ದಿ ನಿಲ್ಲುತ್ತದೆ. ಅದು ಸ್ನೇರ್ ಡ್ರಮ್ಮಿನ ಪೆಟ್ಟು. ಕನ್ನಡದ ಸಜಾತಿ ಒತ್ತಕ್ಷರಗಳು ಇಷ್ಟು ಚೆನ್ನಾಗಿ ತಾಳವಾದ್ಯವಾಗಬಲ್ಲವು ಎಂದು ನಮ್ಮ ಜನಪದರಿಗೆ ಗೊತ್ತಿತ್ತು, ಕೋಲಾಟದ ಪದಗಳನ್ನು ಕೇಳಿದವರಿಗೆ ಹೇಳಬೇಕಿಲ್ಲ. ಇಂಗ್ಲಿಷಿನ ರಾಕ್ ಹಾಡುಗಳ ಏಕಾಕ್ಷರ ಪದಗಳು ಮಾಡುವ ಕೆಲಸವನ್ನು ಇಲ್ಲಿ ನಮ್ಮ ಚತುರ್ಥೀ ವಿಭಕ್ತಿ ಮಾಡಿದೆ. ವ್ಯಾಕರಣ ಪಾಠದಲ್ಲಿ ಇದನ್ನು ಉದಾಹರಣೆ ಕೊಟ್ಟಿದ್ದರೆ ನಾನು ಇನ್ನೂ ನಾಲ್ಕು ಅಂಕ ಹೆಚ್ಚು ತೆಗೆಯುತ್ತಿದ್ದೆ.

ಆದರೆ ವಿಮರ್ಶೆಗೆ ಕೂತ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಆಲ್ಬಮ್ಮಾಗಿ 'ಗೀತಾ' ತನ್ನ ಮಾತಿನ ಮೇಲೆ ನಿಲ್ಲುವುದಿಲ್ಲ. 'ಸಂತೋಷಕ್ಕೆ' ತೆರೆದ ಬಾಗಿಲಿನೊಳಗೆ ಉಳಿದ ಹಾಡುಗಳು ಕಾಲಿಡುವುದೇ ಇಲ್ಲ. 'ಜೊತೆಯಲಿ' ನಿಜಕ್ಕೂ ದೊಡ್ಡ ಹಾಡು. ಅದರ ಸ್ವರವನ್ನು ಇಳಯರಾಜ 1984ರಲ್ಲಿ ತಮಿಳಿನ 'ನೂರಾವದು ನಾಳ್'ಗೂ 2007ರಲ್ಲಿ ಹಿಂದಿಯ 'ಚೀನಿ ಕಮ್'ಗೂ ಒಯ್ದರು. ಎಲ್ಲಿಗೆ ಒಯ್ದರೂ ಬಾಳುವ ಸ್ವರ. ಎಸ್. ಜಾನಕಿ ಅದರಲ್ಲಿ ಉಸಿರನ್ನೂ ಒಂದು ವಾದ್ಯದಂತೆ ಬಳಸಿದ್ದಾರೆ. ಆದರೆ ಅದು ಯುಗಳಗೀತೆ, ಸಿನಿಮಾದ ಮಾಮೂಲು ಅಂಗಳದ್ದು. 'ಕೇಳದೆ ನಿಮಗೀಗ' ಹೊತ್ತಿಗೆ ಕತೆ ನಾಯಕಿಯ ಕಾಯಿಲೆಯ ಕಡೆ ತಿರುಗಿಯಾಗಿದೆ, ಹಾಡು ಕಣ್ಣೀರಿಗೆ ಸೇರಿದ್ದು. ಕೆಟ್ಟ ಹಾಡೇನಲ್ಲ. ಆದರೆ ಗ್ಯಾರೇಜ್ ತಂಡದ ಹುಡುಗರಾದರೆ ಆ ದುಃಖವನ್ನೂ ಅದೇ ನಾಲ್ಕು ಸ್ವರದ ತುಣುಕಿನಲ್ಲಿ ಕುಣಿಸುತ್ತಿದ್ದರು. '96 ಟಿಯರ್ಸ್' ಹೆಸರೇ ಹೇಳುವಂತೆ ಅದೂ ಅಳುವ ಹಾಡೇ ತಾನೆ! ಅಳುತ್ತಲೇ ಕುಣಿಯುವುದು ನಮ್ಮ ಸಿನಿಮಾಕ್ಕೆ ಒಗ್ಗಲಿಲ್ಲ. ಕುಣಿತಕ್ಕೆ ಒಂದು ಹಾಡು, ಅಳುವಿಗೆ ಒಂದು ಹಾಡು ಎಂದು ಅದು ಪಾಲು ಮಾಡಿಕೊಂಡಿತು.

ಇನ್ನೊಂದು ಕೊರತೆ ದೊಡ್ಡದು. ತೆರೆಯ ಮೇಲೆ ಶಂಕರ್‌ನಾಗ್ ಹಾಡುಗಾರ. ನಾವು ನೋಡುವುದು ವೇದಿಕೆ, ಯೌವನ, ಹುಮ್ಮಸ್ಸು. ಕೇಳುವುದು ಮದರಾಸಿನ ಸ್ಟುಡಿಯೋದಲ್ಲಿ ಸ್ವರಪತ್ರ ಎದುರಿಗಿಟ್ಟುಕೊಂಡು ಕೂತ ನುರಿತ ವಾದ್ಯಗಾರರನ್ನು. ಅವರ ಹೆಸರು ಹಾಕುವ ರೂಢಿ ಆ ಕಾಲದ ರೆಕಾರ್ಡುಗಳಲ್ಲಿ ಇರಲಿಲ್ಲ. ಹೀಗೆ ಕನ್ನಡದ ಮೊದಲ ಜನಪ್ರಿಯ ರಾಕ್ ತಂಡ ಎನ್ನಬಹುದಾದದ್ದು ಇಲ್ಲದ ತಂಡ. ಕಂಡವರು ನುಡಿಸಲಿಲ್ಲ, ನುಡಿಸಿದವರು ಕಾಣಲಿಲ್ಲ. ತಮಿಳು ಸಂಗೀತಗಾರ, ತೆಲುಗು ಮನೆಮಾತಿನ ಗಾಯಕ, ಮರಾಠಿ ರಂಗಭೂಮಿಯಲ್ಲಿ ಪಳಗಿ ಬಂದ ಹೊನ್ನಾವರ ಕಡೆಯ ನಟ ಸೇರಿ ಅದನ್ನು ಕನ್ನಡದ್ದಾಗಿ ಮಾಡಿದರು ಎನ್ನುವುದು ಅದರ ಚೆಲುವು. ಅವರೆಲ್ಲ ಒಂದು ಕೋಣೆಯಲ್ಲಿ ಕೂತು ಜಗಳವಾಡಿ ಮಾಡಿದ್ದಲ್ಲ ಎನ್ನುವುದು ಕೊರತೆ.

ನಿಜವಾದ ತಂಡಗಳು ಆಗ ಇರಲಿಲ್ಲವೆಂದಲ್ಲ. 1970 ಮತ್ತು 71ರಲ್ಲಿ ಸಿಗರೇಟು ಕಂಪನಿಯೊಂದರ ಸ್ಪರ್ಧೆಯಿಂದ 'ಸಿಮ್ಲಾ ಬೀಟ್' ಎಂಬ ಎರಡು ಎಲ್‌ಪಿಗಳು ಬಂದವು. ದೇಶದ ಬೇರೆ ಬೇರೆ ಊರುಗಳ ಹುಡುಗರ ತಂಡಗಳು ಅದರಲ್ಲಿವೆ. ಇವತ್ತು ಹೊರದೇಶದ ಸಂಗ್ರಾಹಕರು ಗ್ಯಾರೇಜ್ ರಾಕ್ ಎಂದು ಹುಡುಕಿ ಕೊಳ್ಳುವುದು ಅವನ್ನೇ. ಅವು ಹಾಡುವುದು ಇಂಗ್ಲಿಷಿನಲ್ಲಿ. ಬೆಂಗಳೂರಿನಲ್ಲೂ ರಾಕ್ ಬಹುಕಾಲ ದಂಡಿನ ಕಡೆಯ ಮಾತಾಗಿತ್ತು, ನಮ್ಮ ಕಡೆಯ ಕಾರ್ಖಾನೆ ಬಡಾವಣೆಗಳ ಮಾತಾಗಿರಲಿಲ್ಲ. ತಮ್ಮದೇ ತಂಡ ಕಟ್ಟಿಕೊಂಡು ಶಿಶುನಾಳ ಷರೀಫರನ್ನು ರಾಕ್ ವೇದಿಕೆಗೆ ತಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದನ್ನು ಮೆಚ್ಚುತ್ತೇನೆ. ಆದರೆ ಅದರ ಮನಸ್ಸು ಇರುವುದು ಪಿಟೀಲಿನಲ್ಲಿ, ಬಾಗಿ ಬಳುಕುವ ಸ್ವರದಲ್ಲಿ. ಕನ್ನಡದ ಕಿವಿ ಕೊನೆಗೂ ಗಮಕವನ್ನೇ ಹುಡುಕಿಕೊಂಡು ಹೋಯಿತೇನೋ. ಬಾಗದ ಸ್ವರದ, ಮೊಂಡು ಆರ್ಗನ್ನಿನ ಕನ್ನಡ ಆಲ್ಬಂ ಒಂದಿದ್ದರೆ ನಾನಂತೂ ಕೇಳಿಲ್ಲ. ಕೇಳಿದ್ದು ಶಾಮಿಯಾನದ ಹಿಂದೆ ನಿಂತಾಗ ಮಾತ್ರ.

ಅಲ್ಲಿ ಆದದ್ದೇನೆಂದು ಈಗ ಬಿಡಿಸಿ ಹೇಳಬಲ್ಲೆ. ಇಳಯರಾಜ ದೊಡ್ಡ ವಾದ್ಯವೃಂದಕ್ಕೆ ಹಂಚಿಕೊಟ್ಟಿದ್ದನ್ನು ಆ ಕೀಬೋರ್ಡಿನವರು ಎರಡು ಕೈಗೆ ಇಳಿಸಿಕೊಂಡಿದ್ದರು. ಎಡಗೈ ಬೇಸ್ ಗಿಟಾರಿನ ನಡೆಯನ್ನು ಹಿಡಿದಿತ್ತು. ಬಲಗೈ ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಉತ್ತರ ಕೊಡುತ್ತಿತ್ತು. ಮೂಲದಲ್ಲಿ ಬೇರೆ ಬೇರೆ ವಾದ್ಯಗಳು ಸರದಿಯ ಮೇಲೆ ಹೇಳುವುದನ್ನು ಇಲ್ಲಿ ಒಂದೇ ದನಿ ಹೇಳುತ್ತಿದ್ದರಿಂದ ಹಾಡಿನ ಮೈಯಲ್ಲಿದ್ದ ಕೊಬ್ಬು ಕರಗಿ ಎಲುಬು ಕಂಡಿತು. ಎಲುಬು ಗಟ್ಟಿಯಾಗಿಯೇ ಇತ್ತು. ತಬಲದವನು ಎರಡನೆಯ ಚರಣದಲ್ಲಿ ಕೈತಪ್ಪಿ ಕಹರ್ವಾಕ್ಕೆ ಹೊರಳಿದ, ಪ್ಯಾಡಿನವನು ಡಿಸ್ಕೋದಲ್ಲೇ ಇದ್ದ. ಎರಡೂ ಕೂಡಿ ಅರ್ಧ ತಮಟೆಯಂತೆ, ಅರ್ಧ ರಾಕಿನಂತೆ ಏನೋ ಒಂದಾಯಿತು. ಹುಡುಗರ ಹೆಜ್ಜೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ಯಾರೂ ಯೋಜಿಸಿ ಬೆರೆಸಿದ್ದಲ್ಲ. ಇದ್ದದ್ದೆಲ್ಲ ಒಂದೇ ಶಾಮಿಯಾನದಲ್ಲಿತ್ತು.

ಹಾಡು ಮುಗಿದು ಸಂಘದ ಅಧ್ಯಕ್ಷರು ಪ್ರಾಯೋಜಕರಿಗೆ ಶಾಲು ಹೊದಿಸುವ ಬಿಡುವಿನಲ್ಲಿ ವೇದಿಕೆಯ ಪಕ್ಕಕ್ಕೆ ಹೋಗಿ ಮಾತಾಡಿಸಿದೆ.

"ಅಣ್ಣಾ, ಅದು ಹಳೇ ಆರ್ಗನ್ ಟೋನ್ ಅಲ್ವಾ? ರೆಕಾರ್ಡಿನಲ್ಲಿ ಹಾಗಿಲ್ಲವಲ್ಲ, ಯಾಕೆ ಅದನ್ನೇ ಹಾಕಿದ್ರಿ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಫಿ ಲೋಟವನ್ನು ಆಂಪ್ಲಿಫೈಯರಿನ ಮೇಲಿಟ್ಟು ಹೇಳಿದರು. "ಸ್ಟ್ರಿಂಗ್ಸ್ ಹಾಕಿದ್ರೆ ಈ ಸ್ಪೀಕರಲ್ಲಿ ಬರೀ ಗೊರ್ರ್ ಅನ್ನುತ್ತೆ ಸಾರ್, ಮುಂದಿನ ಎರಡು ಸಾಲು ಬಿಟ್ರೆ ಯಾರಿಗೂ ಏನೂ ತಿಳಿಯಲ್ಲ. ಇದು ಹಾಕಿದ್ರೆ ಆ ಕೊನೇ ಮನೆ ಮಹಡಿಗೂ ಹೋಗುತ್ತೆ. ನಮ್ಮ ತಂದೆ ನಾಟಕಕ್ಕೆ ಪೆಟ್ಟಿಗೆ ಬಾರಿಸ್ತಿದ್ರು, ಅವರೂ ಅದನ್ನೇ ಹೇಳೋರು. ಚೆನ್ನಾಗಿರೋದಲ್ಲ, ಕೇಳೋದು ಬಾರಿಸು ಅಂತ."

ನಾನು ಇಳಯರಾಜ ಕಾಂಬೋ ಆರ್ಗನ್ ನುಡಿಸುತ್ತಿದ್ದ ವಿಷಯ ಹೇಳಿದೆ. ಅವರಿಗೆ ಗೊತ್ತಿತ್ತು. ನನಗಿಂತ ಚೆನ್ನಾಗಿಯೇ ಗೊತ್ತಿತ್ತು.

ನಮ್ಮ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ಸ್ಕೂಟರು ನಿಲ್ಲಿಸುವವರಿಗೆ ಡ್ರಮ್ ಸೆಟ್ಟಿಡುವ ಕೋಣೆಯೆಲ್ಲಿ? ಶಂಕರ್‌ನಾಗ್ ಆ ಕೋಣೆಯನ್ನು ಒಂದು ಬಗೆಯಲ್ಲಿ ಕಟ್ಟಲು ಹೊರಟಿದ್ದರು. ಕನ್ನಡ ಹಾಡು ಮುದ್ರಿಸಲು ಮದರಾಸಿಗೆ ಓಡಬೇಕಿದ್ದ ಕಾಲದಲ್ಲಿ ಅಣ್ಣ ಅನಂತ್‌ನಾಗ್ ಜೊತೆ ಸೇರಿ ಬೆಂಗಳೂರಿನಲ್ಲೇ 'ಸಂಕೇತ್' ಧ್ವನಿಮುದ್ರಣ ಸ್ಟುಡಿಯೋ ಮಾಡಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಆನಗೋಡಿನ ಬಳಿ ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು 35. ತೆರೆಯ ಮೇಲೆ ಹಾಡುಗಾರನಾದ ಮನುಷ್ಯ ತೆರೆಯಾಚೆ ಹಾಡುಗಾರರಿಗೆ ಜಾಗ ಹುಡುಕುತ್ತಿದ್ದರು ಎನ್ನುವುದನ್ನು ಅವರ ಅಭಿಮಾನಿಗಳು ಆಟೋ ಹಿಂದಿನ ಚಿತ್ರದಷ್ಟು ನೆನೆಯುವುದಿಲ್ಲ.

ಶಾಮಿಯಾನದ ಕೆಳಗೆ ಶಾಲು ಹೊದಿಸುವುದು ಮುಗಿದಾಗ ಒಂಬತ್ತು ಐವತ್ತೆರಡು. ಹತ್ತಕ್ಕೆ ಮೈಕು ನಿಲ್ಲಬೇಕು, ಪೊಲೀಸರ ಬೈಕು ಆಗಲೇ ಕ್ರಾಸಿನ ತುದಿಯಲ್ಲಿ ನಿಂತಿತ್ತು. ಗಾಯಕ ಮೈಕಿನ ವೈರು ಸುತ್ತತೊಡಗಿದ. ಹುಡುಗರು ಬಿಡಲಿಲ್ಲ, "ಅಂಕಲ್, ಇನ್ನೊಂದ್ಸಲ, ಅದೇ" ಎಂದು ಗೋಗರೆದರು. ಮಂಕಿ ಕ್ಯಾಪಿನವರು ಗಡಿಯಾರ ನೋಡಿಕೊಂಡು, ಗಾಯಕನಿಗೆ ಬೇಡವೆಂದು ಕೈಸನ್ನೆ ಮಾಡಿ, ಹಾಡಿಲ್ಲದೆ ಬರೀ ಆರ್ಗನ್ನಿನಲ್ಲೇ ಮೊದಲಿನಿಂದ ಶುರು ಮಾಡಿದರು.